ಮಾವನವರ ಸಹಿ ಮೇರಿಲ್ಯಾಂಡಿನಲ್ಲಿ ನಡೆಯಲಿಲ್ಲ

ಜುಲೈ ಬಂತೆಂದರೆ ಕೊಡಗಿನ ಸುಂಟಿಕೊಪ್ಪದ ನಮ್ಮ ಮನೆಗೆ ಅಮೆರಿಕದಿಂದ ರಜೆಗೆ ಬಂದ ತಾಯಂದಿರು ಒಬ್ಬಿಬ್ಬರಾದರೂ ಬರುತ್ತಾರೆ. ‘ಹೇಗೂ ಆರು ವಾರ ಇರುತ್ತೇವೆ, ಮಗನ ಸೇವಾ ಗಂಟೆಗಳನ್ನು ಇಲ್ಲೇ ಮುಗಿಸಿಬಿಡೋಣ ಎಂದುಕೊಂಡಿದ್ದೇವೆ’ ಎಂದು ಹೋದ ವಾರ ಬಂದವರೂ ಹೇಳಿದರು. ನಾವಿದ್ದ ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಹೈಸ್ಕೂಲ್ ಮುಗಿಸಲು ವಿದ್ಯಾರ್ಥಿ ಇಷ್ಟು ಗಂಟೆ ಸಮಾಜಸೇವೆ ಮಾಡಲೇಬೇಕು, ಅವೇ ಈ ಸೇವಾ ಗಂಟೆಗಳು. ಪ್ರತಿಯೊಬ್ಬರಿಗೂ ಹೇಳಿ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಶಾಲಾ ಜಿಲ್ಲೆ ಎಂದ ಕೂಡಲೇ ಮಡಿಕೇರಿಯ ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಕಚೇರಿಯನ್ನು ನೆನೆಯಬೇಡಿ. ಮೇರಿಲ್ಯಾಂಡಿನಲ್ಲಿ 23 ಕೌಂಟಿಗಳು ಮತ್ತು ಬಾಲ್ಟಿಮೋರ್ ನಗರ ಸೇರಿ 24 ಶಾಲಾ ಜಿಲ್ಲೆಗಳಿವೆ. ಪ್ರತಿಯೊಂದಕ್ಕೂ ಅದರದೇ ಮಂಡಳಿ. ರಾಜ್ಯ ನಿಯಮ ಮಾಡುತ್ತದೆ, ನಡೆಸುವ ರೀತಿ ಜಿಲ್ಲೆಯದು. ವಿದ್ಯಾರ್ಥಿ ಸೇವೆಯನ್ನು ಹೈಸ್ಕೂಲ್ ಪದವಿಗೆ ಕಡ್ಡಾಯ ಮಾಡಿದ ಮೊದಲ ರಾಜ್ಯ ಇದು. ನಿಯಮ ಬಂದದ್ದು 1992ರಲ್ಲಿ: 75 ಗಂಟೆ, ಅಥವಾ ಜಿಲ್ಲೆಯೇ ರೂಪಿಸಿ ಒಪ್ಪಿಗೆ ಪಡೆದ ಕ್ರಮ. 2011ರಲ್ಲಿ ಪರಿಸರ ಶಿಕ್ಷಣವೂ ಪದವಿಗೆ ಕಡ್ಡಾಯವಾಯಿತು. ನಮಗೆ ಕಾವೇರಿ ಹೇಗೋ ಅಲ್ಲಿಯವರಿಗೆ ಚೆಸಪೀಕ್ ಕೊಲ್ಲಿ ಹಾಗೆ. ಪಾಠ, ಪ್ರವಾಸ, ಸೇವೆ ಎಲ್ಲವೂ ಕೊನೆಗೆ ಅದರ ನೀರಿಗೇ ಬಂದು ನಿಲ್ಲುತ್ತವೆ. ಬೇರೆ ರಾಜ್ಯದಲ್ಲಿರುವವರು ತಮ್ಮ ನಿಯಮವನ್ನು ಅಲ್ಲಿಯೇ ಕೇಳಿಕೊಳ್ಳಬೇಕು.

ಈಗ ನಾವು ಬಿದ್ದ ಹಳ್ಳ. ಎಂಟನೆಯ ತರಗತಿ ಮುಗಿಸಿದ ಮಗನನ್ನು ಇಲ್ಲಿಗೆ ಕರೆತಂದಿದ್ದೆವು. ಅವನು ಸಂಜೆ ನಮ್ಮ ತೋಟದ ಕಾರ್ಮಿಕರ ಲೈನ್‌ಮನೆಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟ. 2018ರ ಆಗಸ್ಟ್‌ನಲ್ಲಿ ಜರಿದಿದ್ದ ಗುಡ್ಡದ ಬರೆಯ ಮೇಲೆ ಜಿಗಣೆ ಕಚ್ಚಿಸಿಕೊಂಡು ಸಸಿ ನೆಟ್ಟ. ಒಟ್ಟು 52 ಗಂಟೆ. ಮಾವನವರು ತೋಟದ ಹೆಸರಿರುವ ಹಾಳೆಯಲ್ಲಿ ಪತ್ರ ಬರೆದು, ಸಹಿ ಹಾಕಿ, ಮೊಹರು ಒತ್ತಿದರು. ಸೆಪ್ಟೆಂಬರಿನಲ್ಲಿ ಕೊಟ್ಟ ಅರ್ಜಿ ಒಂದು ಗಂಟೆಯೂ ಸಿಗದೆ ಹಿಂದಿರುಗಿತು. ಮುಂಚಿತವಾಗಿ ಅನುಮತಿ ಪಡೆದಿರಲಿಲ್ಲ. ತೋಟ ಲಾಭದ ವ್ಯವಹಾರ. ಸಹಿ ಹಾಕಿದವರು ಸ್ವಂತ ಅಜ್ಜ. ಇಷ್ಟು ಸಾಲದೆಂಬಂತೆ, ಮಾಡಿದ ಕೆಲಸದಿಂದ ತಾನು ಏನು ಕಲಿತೆ ಎಂದು ಬರೆಯುವ ಜಾಗವನ್ನು ಮಗ ಖಾಲಿ ಬಿಟ್ಟಿದ್ದ. ಪೂರ್ವತಯಾರಿ, ಕೆಲಸ, ಮನನ ಮೂರೂ ಸೇರಿದರೆ ಮಾತ್ರ ಅವರ ಲೆಕ್ಕದಲ್ಲಿ ಅದು ಸೇವೆ.

ಮುಂದೆ ಮಾಡಿದರಾಯಿತು ಎಂದು ಸುಮ್ಮನಿದ್ದೆವು. ಹನ್ನೆರಡನೆಯ ತರಗತಿಗೆ ಮುಂಚಿನ ಬೇಸಿಗೆಯಲ್ಲಿ ಲೆಕ್ಕ ನೋಡಿದರೆ ಇನ್ನೂ 50 ಗಂಟೆ ಬಾಕಿ. ಊರಿಗೆ ಬರಲು ತೆಗೆದಿದ್ದ ಮೂರು ಟಿಕೆಟ್ ರದ್ದಾದವು, ಕೈಗೆ ಮರಳಿದ್ದು ಅರ್ಧಕ್ಕಿಂತ ಕಡಿಮೆ ಹಣ. ನಾದಿನಿಯ ಮಗಳ ಮದುವೆಯನ್ನು ಮೊಬೈಲಿನಲ್ಲಿ ನೋಡಿದೆವು.

ಆದ್ದರಿಂದ ಟಿಕೆಟ್ ತೆಗೆಯುವ ಮೊದಲೇ ಶಾಲೆಯ ಕೌನ್ಸೆಲರ್ ಹತ್ತಿರ ಹೋಗಿ, ಲಿಖಿತ ಒಪ್ಪಿಗೆ ಕೇಳಿ. ಕೊಟ್ಟರೆ ಮಾತ್ರ ಇಲ್ಲಿ ಕೆಲಸ ಶುರು ಮಾಡಿ. ನೆಂಟರ ತೋಟ, ನೆಂಟರ ಹೋಂಸ್ಟೇ ಬೇಡ. ಅಲ್ಲಿ ಬೇಸಿಗೆ ರಜೆ ಇರುವಾಗ ಇಲ್ಲಿ ಸರ್ಕಾರಿ ಶಾಲೆಗಳು ನಡೆಯುತ್ತಿರುತ್ತವೆ, ಸೇವೆ ಆ ಶಾಲೆಯಲ್ಲಾಗಲಿ. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಸಹಿಯೂ ಅವರದೇ ಇರಲಿ. ಅಮೆರಿಕದ ಶಾಲೆಯವರು ವಿಚಾರಿಸಿ ಬರೆದರೆ ಉತ್ತರಿಸಲು ಮುಖ್ಯೋಪಾಧ್ಯಾಯರ ಇ-ಮೇಲ್ ವಿಳಾಸ ಬೇಕು. ಗಂಟೆಗಳನ್ನು ದಿನದಿನವೂ ಬರೆದಿಡಿ. ಜೋರು ಮಳೆಗೆ ಜಿಲ್ಲಾಧಿಕಾರಿ ರಜೆ ಘೋಷಿಸಿದ ದಿನಕ್ಕೂ ಮೂರು ಗಂಟೆ ಬರೆದುಕೊಂಡವರನ್ನು ನಾನು ಬಲ್ಲೆ. ಜುಲೈ ತಿಂಗಳ ಕೊಡಗನ್ನು ನಂಬಿ 40 ಗಂಟೆಯ ಯೋಜನೆ ಹಾಕಬೇಡಿ, 20 ಸಾಕು. ಬೇಸಿಗೆಯ ಗಂಟೆಗಳನ್ನು ಒಪ್ಪಿಸಲು ಕೊನೆಯ ದಿನವಿರುತ್ತದೆ, ಅದು ದಾಟಿದರೆ ಅಳುವುದಷ್ಟೇ ಉಳಿಯುತ್ತದೆ.

ಇಲ್ಲಿಯದು, ಅಲ್ಲಿಯದು ಎರಡರಲ್ಲಿ ಯಾವ ಶಾಲಾ ವ್ಯವಸ್ಥೆ ಮೇಲು ಎಂದು ಕೇಳುತ್ತಾರೆ. ಊಟದ ವಿಷಯದಲ್ಲಿ ನಮ್ಮ ಬಿಸಿಯೂಟವೇ ಮೇಲು. ಇಲ್ಲಿ ಮಕ್ಕಳು ತಟ್ಟೆ ತಾವೇ ತೊಳೆಯುತ್ತಾರೆ, ಉಳಿದದ್ದು ಯಾರದಾದರೂ ಮನೆಯ ಹಂದಿಗೆ ಹೋಗುತ್ತದೆ. ಅಲ್ಲಿ ಹಣ್ಣನ್ನೋ ತರಕಾರಿಯನ್ನೋ ಅರ್ಧ ಕಪ್ ತಟ್ಟೆಗೆ ಹಾಕಿಕೊಳ್ಳದೆ ಸರ್ಕಾರಿ ಲೆಕ್ಕಕ್ಕೆ ಊಟವೇ ಆಗುವುದಿಲ್ಲ. ಬೇಡವೆಂದರೂ ತೆಗೆದುಕೊಂಡ ಆ ಸೇಬು, ಬೇಡದ್ದನ್ನು ಬೇರೆ ಮಕ್ಕಳಿಗೆಂದು ಇಡುವ ಹಂಚಿಕೆಯ ಮೇಜು ಇಲ್ಲದ ಶಾಲೆಯಲ್ಲಿ, ನೇರ ಕಸದ ಡಬ್ಬಿಗೆ. ದೇವರಕಾಡಿಗೆ ಕತ್ತಿ ಒಯ್ಯಬಾರದು ಎಂಬುದನ್ನು ಕಲಿಯಲು ನಮ್ಮ ಹಿರಿಯರಿಗೆ ಅರ್ಜಿ ನಮೂನೆ ಬೇಕಾಗಿರಲಿಲ್ಲ. ಆದರೆ ಸಹಿಯ ವಿಷಯದಲ್ಲಿ ಈಗ ನಾನು ಅಮೆರಿಕದವರ ಪಕ್ಷ. ನಮ್ಮ ಕಾಫಿ ಕೊಯ್ಯುವವರ ಮಕ್ಕಳಿಗೆ ನಾಲ್ಕು ಅಕ್ಷರ ಹೇಳಿಕೊಟ್ಟದ್ದನ್ನು ಸೇವೆ ಎಂದು ನಾವೇ ಬರೆದು ನಾವೇ ಮೊಹರು ಒತ್ತಿದ್ದು ನೆನೆದರೆ ಮುಜುಗರವಾಗುತ್ತದೆ.

ಮಾವನವರು ಮಾತ್ರ ಒಪ್ಪಿಲ್ಲ. ತಿರಸ್ಕೃತವಾದ ಆ ಪತ್ರವನ್ನು ಕಾಫಿ ಬೋರ್ಡಿನ ಕಾಗದಗಳ ಜೊತೆ ಬೀರುವಿನಲ್ಲಿಟ್ಟಿದ್ದಾರೆ. ಅಮೆರಿಕದಿಂದ ಯಾರು ಬಂದರೂ ಅದನ್ನು ತೆಗೆದು ತೋರಿಸಿ, ‘ಬ್ಯಾಂಕಿನಲ್ಲಿ ನಡೆಯುವ ಸಹಿ ಇದು, ನೋಡಿ’ ಎನ್ನುತ್ತಾರೆ.