ಕಾಂಪಿಟಿಷನ್ ಲಾನ ಲೆಕ್ಕದಿಂದ ಶುರು ಮಾಡಿ ಓದಿದ್ದು: ನನ್ನ ಅನುಭವ

ಕಾಂಪಿಟಿಷನ್ ಲಾ, ಅಂದ್ರೆ ಕಂಪನಿಗಳು ಪೈಪೋಟಿ ಹಾಳು ಮಾಡದ ಹಾಗೆ ನೋಡ್ಕೊಳ್ಳೋ ಕಾನೂನು, ಆ ಪೇಪರ್ ತಗೊಂಡೋರು ಮೊದಲು ಕೇಳೋದೇ ಇದು, ಎಕನಾಮಿಕ್ಸ್ ಎಷ್ಟು ಬೇಕು, ಸೆಕ್ಷನ್ನು ತೀರ್ಪು ಇಷ್ಟು ಓದ್ಕೊಂಡ್ರೆ ಸಾಲದಾ ಅಂತ. ಪಾಸಾಗೋಕೆ ಸಾಕಾಗ್ಬಹುದು. ಆದ್ರೆ ಈ ಕಾನೂನಲ್ಲಿ ಬರೆದಿಟ್ಟಿರೋ ಮಾತೇ ತುಂಬಾ ಕಮ್ಮಿ ಕಣ್ರೀ. ಅಮೆರಿಕದ 1890ರ ಶೆರ್ಮನ್ ಆಕ್ಟಲ್ಲಿ ಮುಖ್ಯವಾದ ಸೆಕ್ಷನ್ ಎರಡೇ, ಯುರೋಪಲ್ಲಿ ಯೂನಿಯನ್ ಒಪ್ಪಂದದ 101 ಮತ್ತು 102ನೇ ವಿಧಿ, ಎಲ್ಲಾ ಸೇರಿದ್ರೂ ಒಂದೆರಡು ಪುಟ ದಾಟಲ್ಲ. ಯಾವುದು ಸ್ಪರ್ಧೆಗೆ ಅಡ್ಡಿ, ಯಾವುದು ಬರೀ ಜೋರಾದ ಪೈಪೋಟಿ ಅಂತ ಬೇರೆ ಮಾಡ್ಬೇಕು ಅಂದ್ರೆ ಎಕನಾಮಿಕ್ಸಿಗೇ ಹೋಗ್ಬೇಕು. ಅದಕ್ಕೆ ನಾನು ಕೇಸುಗಳನ್ನ ಸ್ವಲ್ಪ ದಿನ ಪಕ್ಕಕ್ಕಿಟ್ಟು ಪೆನ್ನು ಪೇಪರ್ ಹಿಡ್ಕೊಂಡು ಒಂದು ಚಿಕ್ಕ ಲೆಕ್ಕ ಮಾಡ್ದೆ, ಆಮೇಲೆ ಇಡೀ ಕೋರ್ಸು ಅದೇ ಲೆಕ್ಕ ಜೊತೆಗೆ ಬಂತು.

ಲೆಕ್ಕ ಹೀಗಿದೆ. 100ರಲ್ಲಿ ಮಾರಿದ ಯೂನಿಟ್ ಕಳೆದ್ರೆ ಏನು ಬರುತ್ತೋ ಅದೇ ಬೆಲೆ ಅಂದ್ಕೊಳ್ಳಿ, ಒಂದು ಯೂನಿಟ್ ಮಾಡೋ ಖರ್ಚು 10. ಪೂರ್ತಿ ಪೈಪೋಟಿ ಇದ್ರೆ ಬೆಲೆ 10ಕ್ಕೆ ಇಳಿದು 90 ಯೂನಿಟ್ ಮಾರಾಟ ಆಗುತ್ತೆ. ಒಬ್ಬನೇ ಮಾರೋನಾದ್ರೆ ಬೆಲೆ 55, ಮಾರಾಟ 45, ಲಾಭ 2025. ಜನರಿಂದ ಅವನ ಜೇಬಿಗೆ ಹೋದ ದುಡ್ಡು ಒಂದು ಕಡೆ, ಅದರ ಮೇಲೆ ಯಾರಿಗೂ ಸಿಗದೆ ಮಾಯ ಆಗೋದು 1012.5, ಬೋರ್ಡ್ ಮೇಲೆ ತ್ರಿಕೋನ ಹಾಕಿ ಡೆಡ್‌ವೆಯ್ಟ್ ಲಾಸ್ ಅಂತಾರಲ್ಲ ಅದೇ ಇದು. ಸಂಖ್ಯೆ ಹಾಕಿ ನೋಡಿದ್ಮೇಲೆ ಅದು ನಂಗೆ ನಿಜವಾದ ನಷ್ಟ ಅಂತ ಅನ್ನಿಸ್ತು.

ಈಗ ಇಬ್ಬರು ಮಾರೋರನ್ನ ಇಡಿ. 1838ರಲ್ಲಿ ಫ್ರಾನ್ಸಿನ ಕೂರ್ನೋ ಅನ್ನೋ ಎಕನಾಮಿಸ್ಟ್ ಹೇಳಿದ ಪ್ರಕಾರ ಇಬ್ಬರೂ ತಮ್ಮ ತಮ್ಮ ಪ್ರಮಾಣ ತಾವೇ ತೀರ್ಮಾನ ಮಾಡಿದ್ರೆ ತಲಾ 30 ಯೂನಿಟ್, ಬೆಲೆ 40, ಲಾಭ ತಲಾ 900. ಇಬ್ಬರೂ ಒಳಗೊಳಗೇ ಮಾತಾಡ್ಕೊಂಡು ಕಾರ್ಟೆಲ್ ಮಾಡಿದ್ರೆ ತಲಾ 22.5 ಯೂನಿಟ್, ಲಾಭ ತಲಾ 1012.5. ಮಜಾ ಇರೋದು ಇಲ್ಲಿ. ಒಬ್ಬ ಮಾತು ತಪ್ಪಿ ಸದ್ದಿಲ್ಲದೆ 33.75 ಯೂನಿಟ್ ಮಾರಿದ್ರೆ ಅವನಿಗೆ ಸುಮಾರು 1139 ಬರುತ್ತೆ, ಮಾತು ಉಳಿಸ್ಕೊಂಡೋನಿಗೆ ಸುಮಾರು 759. ಅಂದ್ರೆ ಕಾರ್ಟೆಲ್ ಒಳಗೆ ಕೂತಿರೋ ಪ್ರತಿಯೊಬ್ಬನಿಗೂ ಪಕ್ಕದವನ ಮೇಲೆ ಅನುಮಾನ, ಅದಕ್ಕೇ ಅವರು ಒಬ್ಬರ ಮಾರಾಟದ ಲೆಕ್ಕ ಇನ್ನೊಬ್ಬರಿಗೆ ಕಳಿಸ್ಕೊಂಡು ಕಾವಲು ಕಾಯ್ತಾರೆ, ಅದಕ್ಕೇ ಪೈಪೋಟಿದಾರರು ಬೆಲೆ, ಪ್ರಮಾಣದ ಮಾಹಿತಿ ಹಂಚ್ಕೊಂಡ್ರೆ ಕಾನೂನು ಅಷ್ಟು ಗಂಭೀರವಾಗಿ ನೋಡುತ್ತೆ. ಲೀನಿಯೆನ್ಸಿ, ಅಂದ್ರೆ ಕಾರ್ಟೆಲ್ ಒಳಗಿಂದ ಬಂದು ತಪ್ಪೊಪ್ಕೊಂಡೋರಿಗೆ ಮಾಫಿ ಕೊಡೋ ಯೋಜನೆ, ಅದೂ ಇದೇ ಅನುಮಾನದ ಮೇಲೇ ನಿಂತಿರೋದು. ಅಮೆರಿಕ 1978ರಲ್ಲಿ ಶುರು ಮಾಡಿ 1993ರಲ್ಲಿ ಗಟ್ಟಿ ಮಾಡಿದ ಮೇಲೆ, ತನಿಖೆ ಶುರುವಾಗೋಕೆ ಮುಂಚೆ ಮೊದಲು ಬಂದು ಶರತ್ತು ಪೂರೈಸಿ ಒಪ್ಕೊಂಡೋರಿಗೆ ಮಾಫಿ ಖಾತ್ರಿ ಅಂತಾಯ್ತು. ತಪ್ಪು ಮಾಡಿದೋನಿಗೆ ಮಾಫಿ ಯಾಕೆ ಅಂತ ಬೇಜಾರು ಮಾಡ್ಕೊಳ್ಳೋರು ಆ 1139, 759 ಎರಡನ್ನೂ ಪಕ್ಕಪಕ್ಕ ಬರೆದು ನೋಡ್ಬೇಕು.

ಆದ್ರೆ ನಂಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಮಾರ್ಕೆಟ್ ಡೆಫಿನಿಷನ್‌ನಲ್ಲಿ, ಅಂದ್ರೆ ಯಾವ ಯಾವ ಮಾಲು ಒಂದಕ್ಕೊಂದು ಪೈಪೋಟಿ ಅಂತ ಗೆರೆ ಎಳೆಯೋದ್ರಲ್ಲಿ. ಬೆಲೆ 5ರಿಂದ 10 ಪರ್ಸೆಂಟ್ ಏರಿಸಿದ್ರೆ ಲಾಭ ಆಗುತ್ತಾ, ಇಲ್ಲ ಗಿರಾಕಿಗಳು ಬೇರೆ ಮಾಲಿಗೆ ಹೋಗ್ಬಿಡ್ತಾರಾ ಅಂತ ನೋಡೋ ಟೆಸ್ಟ್ ಎಲ್ಲರಿಗೂ ಬಾಯಿಪಾಠ ಇರುತ್ತೆ. 1956ರ ಡುಪಾಂಟ್ ಸೆಲೋಫೇನ್ ಕೇಸ್ ತಗೊಳ್ಳಿ, ಪ್ಯಾಕಿಂಗಿಗೆ ಬಳಸೋ ತೆಳು ಪಾರದರ್ಶಕ ಹಾಳೆ ಸೆಲೋಫೇನಿನ ಮಾರ್ಕೆಟ್ಟನ್ನ ಡುಪಾಂಟ್ ಕಂಪನಿ ಒಂದೇ ಹಿಡ್ಕೊಂಡಿದೆ ಅನ್ನೋದು ಆರೋಪ. ಅಮೆರಿಕದಲ್ಲಿ ಮಾರೋ ಸೆಲೋಫೇನಲ್ಲಿ ಹತ್ತಿರ ಹತ್ತಿರ 75 ಪರ್ಸೆಂಟ್ ಅವರದೇ, ಆದ್ರೆ ಸೆಲೋಫೇನಿಗೂ ಬೇರೆ ಮಡಚೋ ಪ್ಯಾಕಿಂಗ್ ಸಾಮಾನಿಗೂ ಪೈಪೋಟಿ ಇದೆ ಅಂತ ಕೋರ್ಟು ಒಪ್ಕೊಂಡು ದೊಡ್ಡ ಮಾರ್ಕೆಟ್ ತಗೊಳ್ತು, ಅದರಲ್ಲಿ ಸೆಲೋಫೇನಿನ ಪಾಲು 20 ಪರ್ಸೆಂಟಿಗೂ ಕಮ್ಮಿ, ಕಂಪನಿ ಗೆದ್ದಿತು. ಈಗ ನಮ್ಮ ಲೆಕ್ಕಕ್ಕೆ ವಾಪಸ್ ಬನ್ನಿ. ಒಬ್ಬನೇ ಮಾರ್ತಿರೋನು 55ನ್ನ 5 ಪರ್ಸೆಂಟ್ ಏರಿಸಿ 57.75 ಮಾಡಿದ್ರೆ ಮಾರಾಟ 42.25ಕ್ಕೆ ಇಳಿದು ಲಾಭ 2025ರಿಂದ ಸುಮಾರು 2017ಕ್ಕೆ ಬೀಳುತ್ತೆ. ಟೆಸ್ಟ್ ಪ್ರಕಾರ ಇವನಿಗೆ ಬೆಲೆ ಏರಿಸೋ ಶಕ್ತಿ ಇಲ್ಲ, ಮಾರ್ಕೆಟ್ ಇನ್ನೂ ದೊಡ್ಡದು! ಇವನು ಏರಿಸೋದೆಲ್ಲ ಮುಂಚೆನೇ ಏರಿಸಿ ಆಗಿದೆ, ಇನ್ನು ಏರಿಸೋಕೆ ಜಾಗ ಇಲ್ಲ ಅಷ್ಟೇ. ಅದೇ ಟೆಸ್ಟನ್ನ 10ರ ಬೆಲೆಯಿಂದ ಶುರು ಮಾಡಿದ್ರೆ 10.5ಕ್ಕೆ ಏರಿಸಿದ ತಕ್ಷಣ ಲಾಭ ಬರುತ್ತೆ. ಇದಕ್ಕೇ ಸೆಲೋಫೇನ್ ಫ್ಯಾಲಸಿ ಅನ್ನೋದು, ಇದನ್ನ ಕೈಯಾರೆ ಲೆಕ್ಕ ಹಾಕಿದ್ಮೇಲೆ ಮರೆಯೋ ಮಾತೇ ಇಲ್ಲ.

ಬಾಳೆಹಣ್ಣು ಮಾರೋ ಕಂಪನಿ ಯುನೈಟೆಡ್ ಬ್ರಾಂಡ್ಸ್‌ನ 1978ರ ಕೇಸನ್ನೂ ಹೀಗೇ ಓದಿ. ಬಾಳೆಹಣ್ಣು ಮೆತ್ತಗಿರುತ್ತೆ, ಬೀಜ ಇರಲ್ಲ, ಚಿಕ್ಕ ಮಕ್ಕಳು, ವಯಸ್ಸಾದೋರು, ಕಾಯಿಲೆಯವರಿಗೆ ಅದೇ ಬೇಕು, ಹಾಗಾಗಿ ಅದರ ಮಾರ್ಕೆಟ್ಟೇ ಬೇರೆ ಅಂತು ಯುರೋಪಿನ ಕೋರ್ಟು. ಓದೋಕೆ ಸರಿ ಅನ್ಸುತ್ತೆ. ಆದ್ರೆ ಹಲ್ಲಿಲ್ಲದ ಅಜ್ಜನಿಗೆ ಅಂತ ಬೇರೆ ಬೆಲೆ ಹಾಕೋಕಾಗಲ್ಲ, ಬೆಲೆ ಏರಿಸಿದ್ರೆ ಎಲ್ಲರಿಗೂ ಏರಿಸ್ಬೇಕು, ಹಲ್ಲಿರೋರು ಸಾಕಷ್ಟು ಜನ ಸೇಬಿಗೆ ಹೋದ್ರೆ ಏರಿಸಿದೋನಿಗೇ ನಷ್ಟ. ಹಾಗಾಗಿ ಎಷ್ಟು ಜನ ಹೋಗ್ತಾರೆ ಅನ್ನೋದೇ ಪ್ರಶ್ನೆ, ಕೋರ್ಟು ಆ ಎಣಿಕೆಗೆ ಸರಿಯಾಗಿ ಇಳೀಲಿಲ್ಲ ಅಂತ ನನ್ನ ಅಭಿಪ್ರಾಯ, ಪರೀಕ್ಷೆಯಲ್ಲೂ ಹಾಗೇ ಬರೆದೆ.

ಪ್ರೆಡೇಟರಿ ಪ್ರೈಸಿಂಗ್, ಅಂದ್ರೆ ಪೈಪೋಟಿದಾರನನ್ನ ಓಡಿಸೋಕೆ ನಷ್ಟಕ್ಕೇ ಮಾರೋದು, ಅದರ ಬಗ್ಗೆ ಜಾಸ್ತಿ ಹೇಳಲ್ಲ. ಯುರೋಪಿನ 1991ರ ಅಕ್ಜೋ ತೀರ್ಪು ಓದೋಕೆ ಮುಂಚೆ ಆವರೇಜ್ ವೇರಿಯಬಲ್ ಕಾಸ್ಟ್ (ಮಾಡಿದಷ್ಟೂ ಏರೋ ಖರ್ಚು, ಒಂದು ಯೂನಿಟ್ಟಿಗೆ ಎಷ್ಟು ಅಂತ), ಆವರೇಜ್ ಟೋಟಲ್ ಕಾಸ್ಟ್ (ಬಾಡಿಗೆಯಂಥ ಖರ್ಚೂ ಸೇರಿಸಿದ್ರೆ ಎಷ್ಟು ಅಂತ) ಎರಡೂ ಕಾಲಂ ಸ್ಪ್ರೆಡ್‌ಶೀಟಲ್ಲಿ ನೀವೇ ತುಂಬಿಸಿ ನೋಡಿ. ಆಮೇಲೆ ಅಮೆರಿಕದ 1993ರ ಬ್ರುಕ್ ಗ್ರೂಪ್ ಓದಿದ್ರೆ, ಕಳ್ಕೊಂಡ ದುಡ್ಡು ವಾಪಸ್ ಬರೋ ಸಾಧ್ಯತೆ ಇದೆಯಾ ಅಂತ ಅವರು ಯಾಕೆ ಕೇಳ್ತಾರೆ, ಯುರೋಪಲ್ಲಿ ಅದನ್ನ ಕಡ್ಡಾಯ ಮಾಡದೆ ಯಾಕೆ ಬಿಟ್ರು ಅಂತ ವಾದ ಮಾಡೋಕೆ ಕೈಯಲ್ಲಿ ಏನಾದ್ರೂ ಇರುತ್ತೆ.

ಪುಕ್ಕಟೆ ಆ್ಯಪ್‌ಗಳ ವಿಷಯ ಬಂದಾಗ ಮಾತ್ರ ಈ ಲೆಕ್ಕ ನಿಂತುಹೋಗುತ್ತೆ, ಸೊನ್ನೆಯ 5 ಪರ್ಸೆಂಟೂ ಸೊನ್ನೆನೇ. ಅಲ್ಲಿ ಬೆಲೆ ಬದಲು ಗುಣಮಟ್ಟ ಸ್ವಲ್ಪ ಇಳಿಸಿದ್ರೆ, ಉದಾಹರಣೆಗೆ ಜಾಹೀರಾತು ಜಾಸ್ತಿ ಮಾಡಿದ್ರೆ ಜನ ಬಿಟ್ಟು ಹೋಗ್ತಾರಾ ಅಂತ ಕೇಳ್ತಾರೆ, ಆದ್ರೆ ಗುಣಮಟ್ಟದ 5 ಪರ್ಸೆಂಟ್ ಅಂದ್ರೆ ಎಷ್ಟು ಅಂತ ಅಳೆಯೋದು ಬಲು ಕಷ್ಟ. ನನ್ನ ಡಿಸರ್ಟೇಷನ್ ಈಗ ಅದರ ಮೇಲೇ ನಡೀತಿದೆ.