ಉದ್ರಿ ವಹಿಯಿಂದ ಸಜ್ಜೆಯ ಕೊಬ್ಬು ಲೆಕ್ಕ ಹಾಕಿದ್ದು

ಹಿಟ್ಟಿನ ಗಿರಣಿಯ ಉದ್ರಿ ವಹಿಯಲ್ಲಿ, ಅಂದರೆ ಸಾಲದ ಲೆಕ್ಕದ ಪುಸ್ತಕದಲ್ಲಿ, ಕಾಳಿನ ಹೆಸರೇ ಇರುವುದಿಲ್ಲ. ತಾರೀಖು, ಮನೆಯ ಹೆಸರು, ಕಿಲೋ, ಬಾಕಿ. ಅಷ್ಟೇ. ಅದನ್ನೇ ಇಟ್ಟುಕೊಂಡು ಒಂದು ಊರು 35 ವರ್ಷದಲ್ಲಿ ಸಜ್ಜೆಯಿಂದ ಎಷ್ಟು ಕೊಬ್ಬು ತಿಂದಿತು ಅಂತ ಹೇಳುತ್ತೇನೆ ಅಂದಾಗ ಸಮೀಕ್ಷೆ ಕೆಲಸದ ಹಳೆಯ ಗೆಳೆಯರು ಯಾರೂ ನಂಬಲಿಲ್ಲ. 'ಜೋಳ ಯಾವುದು, ಸಜ್ಜೆ ಯಾವುದು ಅಂತ ಹೇಗೆ ಗೊತ್ತಾಗುತ್ತದೆ?' ಎಂದು ಕೇಳಿದರು. ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರ ಸಿಗಲು ನನಗೆ ಎರಡು ವರ್ಷ ಹಿಡಿಯಿತು.

ಊರು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಪೂರ್ವ ಭಾಗದ್ದು. ಕಚೇರಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಫ್‌ಎಒದ ಆಹಾರ ಸಮತೋಲನ ಪಟ್ಟಿಯಲ್ಲಿ, ಅಂದರೆ ಯಾವ ದೇಶದಲ್ಲಿ ತಲೆಗೆ ಎಷ್ಟು ಆಹಾರ ಸಿಗುತ್ತದೆ ಎಂಬ ಲೆಕ್ಕದಲ್ಲಿ, ಭಾರತದ ಸಾಲು 1961ರಿಂದ ಇದೆ. ಕಿರುಧಾನ್ಯದಿಂದ ತಲೆಗೆ ದಿನಕ್ಕೆ ಎಷ್ಟು ಗ್ರಾಂ ಕೊಬ್ಬು ಅಂತ. ಆ ಗೆರೆ ಇಳಿಯುತ್ತಾ ಬಂದಿದೆ. ನನ್ನ ತಕರಾರು ಬೇರೆ. ಅಲ್ಲಿ ಸಜ್ಜೆ, ರಾಗಿ, ನವಣೆ ಎಲ್ಲ ಒಂದೇ ಚೀಲದಲ್ಲಿ. ಜೋಳ ಮಾತ್ರ ಬೇರೆ. 2017ರ ನಮ್ಮ ದೇಶದ ಆಹಾರ ಸಂಯೋಜನೆಯ ಕೋಷ್ಟಕದಲ್ಲಿ 100 ಗ್ರಾಂ ಸಜ್ಜೆಗೆ 5.4 ಗ್ರಾಂ ಕೊಬ್ಬು, ರಾಗಿಗೆ 1.9, ಜೋಳಕ್ಕೆ 1.7, ಪಾಲಿಷ್ ಅಕ್ಕಿಗೆ ಅರ್ಧ ಗ್ರಾಂ. ಹೀಗಿರುವಾಗ ಚೀಲದ ತೂಕ ಅಷ್ಟೇ ಇದ್ದರೂ ಒಳಗಿನ ಕಾಳು ಬದಲಾದರೆ ಕೊಬ್ಬು ಬದಲಾಗುತ್ತದೆ, ಅಲ್ವಾ? ಅದಕ್ಕೇ ಒಂದು ಊರನ್ನಾದರೂ ಸರಿಯಾಗಿ ನೋಡೋಣ ಅಂತ ಹೊರಟೆ.

ಮೊದಲು ಹಿರಿಯರನ್ನು ಕೂರಿಸಿಕೊಂಡು ಕೇಳಿದೆ. ಸುಮ್ನೆ ಒಂದು ಬೇಸಿಗೆ ಹೋಯಿತು. ಹಿಂದೆ ಏನು ತಿನ್ನುತ್ತಿದ್ದಿರಿ ಅಂದರೆ ಎಲ್ಲರೂ 'ಸಜ್ಜಿ ರೊಟ್ಟಿ, ಬೆಣ್ಣಿ' ಅನ್ನುತ್ತಾರೆ. ಬೆಣ್ಣೆ ಯಾರ ಮನೆಯಲ್ಲಿ ಎಷ್ಟಿತ್ತು ಅಂತ ನನಗೂ ಗೊತ್ತು.

ಆಮೇಲೆ ಗಿರಣಿ ನಡೆಸುವ ಕಾಕಾ ಅಟ್ಟದಿಂದ 19 ವಹಿ ಇಳಿಸಿಕೊಟ್ಟರು. 1987ರಿಂದ ಹಿಡಿದು. ಒಂದೆರಡನ್ನು ಗೆದ್ದಲು ತಿಂದಿತ್ತು. ನಾನು ದೊಡ್ಡ ಉತ್ಸಾಹದಲ್ಲಿ ಎಲ್ಲ ವರ್ಷವನ್ನೂ ಟೈಪ್ ಮಾಡಿಸಲು ಕೊಟ್ಟೆ. ಕಾಲೇಜಿನ ಇಬ್ಬರು ಹುಡುಗಿಯರು, ಸಾಲಿಗೆ ಒಂದು ರೂಪಾಯಿ. ಎರಡು ವಹಿ ಮುಗಿಯುವ ಹೊತ್ತಿಗೆ ಏಳು ಸಾವಿರ ಖರ್ಚು! ಅಲ್ಲಿಗೆ ನಿಲ್ಲಿಸಿದೆ. ಐದು ವರ್ಷಕ್ಕೊಂದು ವರ್ಷ, ಖಾಯಂ ಉದ್ರಿಯ ಸುಮಾರು 40 ಮನೆ, ಅಷ್ಟೇ ಸಾಕು ಎಂದು ನಿರ್ಧರಿಸಿದೆ. ಆದರೂ ಒಟ್ಟು 20 ಸಾವಿರ ಸಾಲು ದಾಟಿತು.

ಸಾಲುಗಳೇನೋ ಕಂಪ್ಯೂಟರಿಗೆ ಬಂದವು. ಕಾಳು ಯಾವುದು ಅಂತ ಮಾತ್ರ ತಿಳಿಯಲಿಲ್ಲ. ಬೀಸುವ ದರ ನೋಡಿದೆ, ಎಲ್ಲಕ್ಕೂ ಒಂದೇ. ಒಂದು ದಿನ ಕಾಕಾನ ತಾಯಿ, ನಾವೆಲ್ಲ ಆಯಿ ಅನ್ನುತ್ತೇವೆ, ವಹಿಯ ಮೇಲೆ ಬೆರಳಿಟ್ಟು, 'ಇದು ಸಜ್ಜಿ ನೋಡಪಾ. ಐದ ದಿನಕ್ಕೊಮ್ಮೆ ಬಂದಾರಲ್ಲ? ಜ್ವಾಳ ಆಗಿದ್ರ ಯಾಕ ಬರ್ತಿದ್ರು?' ಅಂದರು.

ನಾನು ಅಲ್ಲೇ ಕುಳಿತುಬಿಟ್ಟೆ. ಸಜ್ಜೆ ಹಿಟ್ಟು ಬೇಗ ಕಹಿಯಾಗುತ್ತದೆ, ಕಮಟು ವಾಸನೆ ಬರುತ್ತದೆ. ಕಾರಣ ಅದರ ಕೊಬ್ಬೇ. ಸಜ್ಜೆ ಕಾಳಿನಲ್ಲಿ ಮೊಳಕೆಯ ಭಾಗ ಜೋಳಕ್ಕಿಂತ ದೊಡ್ಡದು, ಕೊಬ್ಬು ಹೆಚ್ಚಾಗಿ ಅಲ್ಲೇ ಇರುತ್ತದೆ. ಬೀಸಿದ ಕೂಡಲೇ ಅದು ಕೆಡಲು ಶುರು. ಹಾಗಾಗಿ ಯಾರೂ ಹತ್ತು ದಿನದ ಸಜ್ಜೆ ಒಟ್ಟಿಗೆ ಬೀಸಿಸುವುದಿಲ್ಲ. ಐದಾರು ಕಿಲೋ, ನಾಲ್ಕೈದು ದಿನಕ್ಕೆ. ಜೋಳ ಆದರೆ ಬುಟ್ಟಿ ತುಂಬ ಹತ್ತು ಹನ್ನೆರಡು ಕಿಲೋ ಒಂದೇ ಸಲ. ನಾನು ಹುಡುಕುತ್ತಿದ್ದ ಕೊಬ್ಬೇ ವಹಿಯಲ್ಲಿ ತನ್ನ ಗುರುತು ಬಿಟ್ಟಿತ್ತು.

ಆ ಚಳಿಗಾಲ ಮೂರು ತಿಂಗಳು ಗಿರಣಿಯಲ್ಲಿ ನಿಂತೆ. ಯಾರು ಯಾವ ಕಾಳು ತಂದರು ಅಂತ ಬೇರೆ ಪುಸ್ತಕದಲ್ಲಿ ಬರೆದೆ. ಆಮೇಲೆ ಅದನ್ನು ಮುಚ್ಚಿಟ್ಟು, ಬರೀ ತೂಕ ಮತ್ತು ಅಂತರ ನೋಡಿ ಊಹಿಸಿದೆ. ಹತ್ತರಲ್ಲಿ ಸುಮಾರು ಒಂಬತ್ತು ಸರಿ ಬಂತು. ಇಷ್ಟು ಸರಿ ಬರುತ್ತದೆ ಅಂತ ನನ್ನನ್ನು ಬಿಟ್ಟು ಬೇರೆ ಯಾರೂ ಹೇಳಿರಲಿಲ್ಲ! ಮಳೆಗಾಲದಲ್ಲೂ ಹೀಗೇ ನೋಡಿದಾಗ ಹತ್ತರಲ್ಲಿ ಆರಕ್ಕೆ ಇಳಿಯಿತು. ತೇವಕ್ಕೆ ಹೆದರಿ ಆಗ ಜೋಳವನ್ನೂ ಸ್ವಲ್ಪ ಸ್ವಲ್ಪವೇ ಬೀಸಿಸುತ್ತಾರೆ. ಅದನ್ನು ಬಿಡಿಸುವ ಒಂದು ದಾರಿ ಕಂಡುಕೊಂಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಎರಡನೇ ಗಿರಣಿಯಲ್ಲೂ ಪರೀಕ್ಷೆ ಆಗಲಿ.

ತಪ್ಪುಗಳೂ ಆದವು. ಮೊದಲ ಲೆಕ್ಕದಲ್ಲಿ 1987ರ ಚಳಿಗಾಲಕ್ಕೆ ಒಬ್ಬರಿಗೆ ದಿನಕ್ಕೆ 17 ಗ್ರಾಂ ಕೊಬ್ಬು ಬಂತು. ಅಂದರೆ ದಿನಕ್ಕೆ 300 ಗ್ರಾಂಗಿಂತ ಜಾಸ್ತಿ ಸಜ್ಜೆ, ಮಕ್ಕಳೂ ಸೇರಿ! ಎಲ್ಲಿ ತಪ್ಪಿದೆ ಅಂತ ಹುಡುಕಿದರೆ, ದನಕ್ಕೆ ಒಡೆಸಿದ ಸಜ್ಜೆಯೂ ಮನುಷ್ಯರ ಹೊಟ್ಟೆಗೆ ಸೇರಿತ್ತು. ದೇಶದ ಪಟ್ಟಿಯಲ್ಲೂ ದನ ಕೋಳಿಯ ಪಾಲನ್ನು ಅಂದಾಜಿನಿಂದಲೇ ಕಳೆಯುತ್ತಾರೆ. ಆ ಅಂದಾಜು ಎಷ್ಟು ದೊಡ್ಡದು ಅಂತ ಆಗಲೇ ನನಗೆ ಅರ್ಥವಾದದ್ದು.

ಅದಾದ ಮೇಲೆ ಕಬ್ಬು ಕಡಿಯಲು ಹೋಗುವವರು. ದೀಪಾವಳಿ ಆದ ಮೇಲೆ ಗಂಡ ಹೆಂಡತಿ ಹೊರಟರೆ ಮನೆಯಲ್ಲಿ ಅಜ್ಜಿ ಮತ್ತು ಮೊಮ್ಮಕ್ಕಳು. ರೇಷನ್ ಕಾರ್ಡಿನ ಏಳು ತಲೆಗೆ ಭಾಗಿಸಿದರೆ ಲೆಕ್ಕ ಕಡಿಮೆ ಬೀಳುತ್ತದೆ. ಮನೆ ಮನೆಗೆ ಹೋಗಿ ಯಾವ ವರ್ಷ ಯಾರು ಗ್ಯಾಂಗಿನಲ್ಲಿದ್ದರು ಅಂತ ಕೇಳಬೇಕಾಯಿತು. ಇದಕ್ಕೇ ನಾಲ್ಕು ತಿಂಗಳು ಹೋಯಿತು.

ಕೋಷ್ಟಕದ 5.4 ನಮ್ಮ ಊರಿನ ಸಜ್ಜೆಗೂ ಸರಿಯೇ ಅಂತ ನೋಡಲು ಒಂದು ಲ್ಯಾಬಿಗೆ ಮಾದರಿ ಕಳಿಸಿದೆ. 2.1 ಅಂತ ಬಂತು. ಅದೇ ಕಾಳನ್ನು ಎರಡು ಪೊಟ್ಟಣ ಮಾಡಿ, ಬೇರೆ ಬೇರೆ ನಂಬರ್ ಹಾಕಿ ಮತ್ತೆ ಕಳಿಸಿದೆ. ಒಂದಕ್ಕೆ 3, ಇನ್ನೊಂದಕ್ಕೆ 4.6. ಲ್ಯಾಬ್ ಬದಲಿಸಿದೆ. ಅಲ್ಲಿ 5.1, 5.3 ಅಂತ ಬಂದವು. ಮಾದರಿಗೆ ಸಾವಿರದ ಮೇಲೆ ಬೀಳುತ್ತದೆ, ಒಟ್ಟು ಒಂಬತ್ತೋ ಹತ್ತೋ ಸಾವಿರ ಹೋಯಿತು. ಮಾದರಿ ಕಳಿಸುವವರು ಜೋಡಿ ಕಳಿಸಿ, ಒಂದನ್ನೇ ನಂಬಬೇಡಿ. ಕಾಕಾ ಮಾತ್ರ ದುಡ್ಡು ಮುಟ್ಟಲಿಲ್ಲ. ಗಿರಣಿಗೆ ಹೊಸ ಬೆಲ್ಟ್ ತಂದುಕೊಟ್ಟೆ. ಎಲ್ಲ ಸೇರಿ 45 ಸಾವಿರದ ಹತ್ತಿರ, ನನ್ನ ಕೈಯಿಂದಲೇ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಕಾಳನ್ನು ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಚೆನ್ನಾಗಿ ಒಣಗಿಸಿ ಬೀಸಿಸಿದರೆ ಹಿಟ್ಟು ಮೂರು ವಾರ ದಾಟಿಯೂ ಕಹಿಯಾಗಲಿಲ್ಲ. ಆಯಿ ರೊಟ್ಟಿ ಬಡಿದು ನೋಡಿ, ಅಂಚು ಬಿರಿಯುತ್ತದೆ, ರುಚಿ ಪರವಾಗಿಲ್ಲ ಅಂದರು. ಮಾರಲು ಹಿಟ್ಟು ಮಾಡುವವರಿಗೆ ಇದು ಕೆಲಸಕ್ಕೆ ಬರುತ್ತದೆ. ಭೋಗಿ ಹಬ್ಬದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನೂ ತೂಗಿದೆ, ಎಳ್ಳಿನ ಕೊಬ್ಬು ಬೇರೆ ಮಾಡಲು. ವರ್ಷದ ಲೆಕ್ಕದಲ್ಲಿ ಅದು ಏನೂ ಅಲ್ಲ.

ಕೊನೆಗೆ ನಿಂತ ಅಂಕಿ ಇಷ್ಟು. 1987ರ ಚಳಿಗಾಲದಲ್ಲಿ ತಲೆಗೆ ದಿನಕ್ಕೆ 200 ಗ್ರಾಂ ಸಜ್ಜೆ, ಕೊಬ್ಬು ಹತ್ತು ಹನ್ನೊಂದು ಗ್ರಾಂ. ವರ್ಷದ ಸರಾಸರಿ ನಾಲ್ಕು ಗ್ರಾಂ ಮೇಲೆ. 2002ಕ್ಕೆ ಎರಡು ಗ್ರಾಂ ಆಸುಪಾಸು. 2022ಕ್ಕೆ ಅರ್ಧ ಗ್ರಾಂ. ರೇಷನ್ ಗೋಧಿ ಅಕ್ಕಿ ಒಂದು ಕಾರಣ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಸಜ್ಜೆ, ಜೋಳದಂಥ ಒರಟು ಧಾನ್ಯ ಕಿಲೋಗೆ ಒಂದು ರೂಪಾಯಿ ಅಂತ ಬರೆದಿತ್ತು. ಈ 40 ಮನೆಗಳಿಗೆ ಬಂದದ್ದು ಗೋಧಿ ಅಕ್ಕಿಯೇ. ಆದರೆ ಗೆರೆ ಅದಕ್ಕಿಂತ ಬಹಳ ಮೊದಲೇ ಬಿದ್ದಿದೆ. 1994ರಲ್ಲಿ ಪಾಮೋಲಿನ್ (ತಾಳೆ ಎಣ್ಣೆ) ಆಮದು ಮುಕ್ತವಾದ ಮೇಲೆ ಅಂಗಡಿ ಎಣ್ಣೆ ಅಗ್ಗವಾಗಿ ಸಿಗತೊಡಗಿತು. ತಿಂಗಳಿಗೆ ಒಂದೂವರೆ ಕಿಲೋ ಎಣ್ಣೆ ತರುತ್ತಿದ್ದ ಮನೆಗೆ ಈಗ ಐದು ಲೀಟರಿನ ಕ್ಯಾನ್ ಬರುತ್ತದೆ. ಕಾಳಿನಿಂದ ಹೋದ ನಾಲ್ಕು ಗ್ರಾಂ ಯಾರ ಕಣ್ಣಿಗೂ ಬೀಳಲಿಲ್ಲ. 2023ರಲ್ಲಿ ಸಿರಿಧಾನ್ಯ ವರ್ಷ ಮಾಡಿದರೂ ಗಿರಣಿಯ ಪುಸ್ತಕದಲ್ಲಿ ಅದರ ಗುರುತು ಕಾಣಲಿಲ್ಲ.

ಮೊದಲು ನಂಬದಿದ್ದ ಗೆಳೆಯರಲ್ಲಿ ಒಬ್ಬರು ಈಗ ನನ್ನ ಲೆಕ್ಕದ ಹಾಳೆಯ ನಮೂನೆ ಕೇಳಿ ತೆಗೆದುಕೊಂಡಿದ್ದಾರೆ. ಅಕ್ಕಲಕೋಟ ಕಡೆಯ ಇನ್ನೊಂದು ಗಿರಣಿಯವರು ವಹಿ ಕೊಡಲು ಒಪ್ಪಿದ್ದಾರೆ. ಅಲ್ಲಿ ಜೋಳವೇ ಜಾಸ್ತಿ, ಸಜ್ಜೆ ಬೇರೆ ಮಾಡುವುದು ಇನ್ನೂ ಕಷ್ಟ. ಮಳೆ ಹಿಡಿಯುವ ಮುಂಚೆ ಹೋಗಿ ಫೋಟೊ ತೆಗೆದುಕೊಂಡು ಬರಬೇಕು. ಅವರ ಅಟ್ಟದಲ್ಲೂ ಗೆದ್ದಲು ಇದೆಯಂತೆ.