ಹ್ಯಾಪಿ ಕೋಡ್ ಹೇಳಿ ಸರ್

ದಾವಣಗೆರೆಯ ಏಪ್ರಿಲ್ ಬಿಸಿಲು ಕಂಡವರಿಗೆ ಜಾಸ್ತಿ ಹೇಳಬೇಕಿಲ್ಲ. 2024ರ ಏಪ್ರಿಲ್‌ನಲ್ಲಿ ಒಂದು ಬೆಳಗ್ಗೆ ಫ್ರಿಜ್ ಬಾಗಿಲು ತೆಗೆದರೆ ಹುಳಿ ವಾಸನೆ ಮುಖಕ್ಕೆ ಬಡಿಯಿತು. ದೋಸೆ ಹಿಟ್ಟು ಉಕ್ಕಿ ಪಾತ್ರೆಯಿಂದ ಇಳಿದು ತರಕಾರಿ ಡಬ್ಬಿ ಸೇರಿತ್ತು. ಬೆಣ್ಣೆ ಕರಗಿ ಎಣ್ಣೆಯಾಗಿತ್ತು. ಒಳಗಿನ ಲೈಟ್ ಮಾತ್ರ ಚೆನ್ನಾಗಿ ಉರಿಯುತ್ತಿತ್ತು. ಬಾಗಿಲ ಮೇಲೆ ‘10 ವರ್ಷ ವಾರಂಟಿ’ ಅನ್ನುವ ಬಂಗಾರದ ಬಣ್ಣದ ಸ್ಟಿಕ್ಕರ್ ಕೂಡ ಹೊಳೆಯುತ್ತಲೇ ಇತ್ತು.

ತಂದು ಎರಡು ವರ್ಷ ತುಂಬಿರಲಿಲ್ಲ. 2022ರ ಮೇ ತಿಂಗಳಲ್ಲಿ 31,500 ರೂಪಾಯಿ ಕೊಟ್ಟಿದ್ದೆವು. ಅಂಗಡಿಯವರು ಬಿಡಲಿಲ್ಲ ಅಂತ ಇನ್ನೂ 2,990 ಕೊಟ್ಟು ಎರಡು ವರ್ಷದ ಎಕ್ಸ್‌ಟೆಂಡೆಡ್ ವಾರಂಟಿಯನ್ನೂ ಮಾಡಿಸಿದ್ದೆ. ಯಾವ ಕಂಪನಿ ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೂ ಏನು ಪ್ರಯೋಜನ, ಪಕ್ಕದ ಮನೆಯವರದು ಬೇರೆ ಕಂಪನಿ, ಅವರ ಕಥೆಯೂ ಹೆಚ್ಚುಕಡಿಮೆ ಇದೇ.

ಫೋನ್ ಮಾಡಿದೆ. ‘ನಿಮ್ಮ ಸಂತೋಷವೇ ನಮ್ಮ ಗುರಿ’ ಅಂತ ರೆಕಾರ್ಡಿಂಗ್ ಹನ್ನೊಂದು ಸಲ ಕೇಳಿಸಿದ ಮೇಲೆ ಒಬ್ಬರು ಸಿಕ್ಕರು. 24 ಗಂಟೆಯಲ್ಲಿ ಬರ್ತಾರೆ ಅಂದರು. ನಾಲ್ಕನೇ ದಿನ ಹುಡುಗ ಬಂದ. ಹಿಂದೆ ಬಗ್ಗಿ ನೋಡಿ, "ಗ್ಯಾಸ್ ಖಾಲಿ ಆಗಿದೆ ಸರ್, 3,200 ಆಗುತ್ತೆ" ಅಂದ. 10 ವರ್ಷ ವಾರಂಟಿ ಇದೆಯಲ್ಲಪ್ಪ ಅಂದೆ. ಅದು ಕಂಪ್ರೆಸರ್‌ಗೆ, ಅಂದರೆ ಗ್ಯಾಸನ್ನು ಒತ್ತಿ ಸುತ್ತಿಸುವ ಮೋಟರ್‌ಗೆ ಮಾತ್ರವಂತೆ. ಮತ್ತೆ ಎಕ್ಸ್‌ಟೆಂಡೆಡ್ ವಾರಂಟಿ? ಗ್ಯಾಸ್ ಅನ್ನೋದು ಖರ್ಚಾಗುವ ವಸ್ತು, ಅದರಲ್ಲೂ ಬರಲ್ಲವಂತೆ. ದುಡ್ಡು ಕೊಟ್ಟೆ. ಅವನು ಹೊರಡುವಾಗ ನನ್ನ ಮೊಬೈಲಿಗೆ ಒಂದು ಓಟಿಪಿ ಬಂತು. ಅವರ ಭಾಷೆಯಲ್ಲಿ ಅದಕ್ಕೆ ‘ಹ್ಯಾಪಿ ಕೋಡ್’ ಅನ್ನುತ್ತಾರೆ. "ಹ್ಯಾಪಿ ಕೋಡ್ ಹೇಳಿ ಸರ್" ಅಂದ, ಹೇಳಿದೆ. ಫ್ರಿಜ್ ಇನ್ನೂ ತಣ್ಣಗೆ ಕೂಡ ಆಗಿರಲಿಲ್ಲ.

38 ದಿನ ಓಡಿತು. ಮತ್ತೆ ಅದೇ ವಾಸನೆ.

ಈ ಸಲ ಫೋನ್ ಮಾಡಿದರೆ, "ಹಳೇ ಕಂಪ್ಲೇಂಟ್ ರಿಸಾಲ್ವ್ ಆಗಿದೆ ಸರ್, ಕಸ್ಟಮರ್ ಸ್ಯಾಟಿಸ್‌ಫೈಡ್ ಅಂತ ಇದೆ" ಅಂದರು. ಆ ನಾಲ್ಕು ಅಂಕಿ ಹೇಳಿದ್ದೇ ನಾನು ಕೊಟ್ಟ ಸಹಿ ಅಂತ ಆಗ ತಲೆಗೆ ಹೋಯಿತು. ನಾನು ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತ. ಫೈಲ್ ಕಟ್ಟುವುದೇ ನನ್ನ ಹೊಟ್ಟೆಪಾಡು. ಬೇರೆಯವರು ಓದದೆ ಸಹಿ ಹಾಕಿದರೆ ಬೈಯುವವನು ನಾನೇ. ನಾಚಿಕೆ ಆಯಿತು.

ಹೊಸ ಕಂಪ್ಲೇಂಟ್ ಬರೆಸಿದೆ. ಆದರೆ ಕಂಪನಿ ಹುಡುಗ ಬರುವ ಮೊದಲು ನಮ್ಮ ಓಣಿಯ ಫ್ರಿಜ್ ಮೆಕ್ಯಾನಿಕ್‌ನ ಕರೆದು ತೋರಿಸಿದೆ. ಅವರು ಕೈಯಿಟ್ಟು ರಿಪೇರಿ ಮಾಡಲಿಲ್ಲ. ಮಾಡಿದ್ದರೆ ಹೊರಗಿನವರು ಮುಟ್ಟಿದ್ದಾರೆ ಅಂತ ಇದ್ದ ವಾರಂಟಿಯೂ ಹೋಗುತ್ತಿತ್ತು. ಬರೀ ನೋಡಿ ಹೇಳಿದರು: "ಗ್ಯಾಸ್ ಖರ್ಚಾಗೋದಕ್ಕೆ ಇದೇನು ಅಡುಗೆ ಸಿಲಿಂಡರಾ ಸರ್? ಸೀಲ್ ಮಾಡಿದ ಪೈಪೊಳಗೆ ಅದೇ ಗ್ಯಾಸ್ ಸುತ್ತುತ್ತಾ ಇರುತ್ತೆ. ಕಡಿಮೆ ಆಗಿದೆ ಅಂದ್ರೆ ಎಲ್ಲೋ ಸೋರ್ತಾ ಇದೆ. ಸೋರೋ ಜಾಗ ಹುಡುಕದೆ ತುಂಬಿಸಿದರೆ ತೂತಿನ ಕೊಡಕ್ಕೆ ನೀರು ಹಾಕಿದ ಹಾಗೆ."

ನಮ್ಮ ಹಳೇ ಫ್ರಿಜ್‌ನ ಹಿಂದೆ ಕಪ್ಪು ಕಂಬಿಗಳ ಜಾಳಿಗೆ ಇತ್ತು. ಮಳೆಗಾಲದಲ್ಲಿ ಅಮ್ಮ ಅದರ ಮೇಲೆ ನನ್ನ ಕಾಲುಚೀಲ ಒಣಗಿಸುತ್ತಿದ್ದಳು. ಬಿಸಿ ಹೊರಹಾಕುವ ಪೈಪ್ ಅದು. ಈಗ ಎಷ್ಟೋ ಮಾಡೆಲ್‌ಗಳಲ್ಲಿ ಆ ಪೈಪನ್ನು ಅಕ್ಕಪಕ್ಕದ ಗೋಡೆಯೊಳಗೆ ಹುದುಗಿಸಿ ಫೋಮ್ ತುಂಬಿಬಿಡುತ್ತಾರೆ. ಬಾಗಿಲ ಚೌಕಟ್ಟು ಬೆವರಬಾರದು ಅಂತ ಅದರ ಸುತ್ತಲೂ ಒಂದು ಸುತ್ತು ಪೈಪ್ ಓಡಿಸುತ್ತಾರೆ. ನೋಡಲು ಚೆಂದ, ಗೋಡೆಗೆ ಹತ್ತಿರ ಇಡಬಹುದು. ಆದರೆ ಒಳಗೆ ತುಕ್ಕು ಹಿಡಿದು ಸೋರಿದರೆ ಬಾಡಿ ಬಿಚ್ಚುವ ಹಾಗಿಲ್ಲ. ಹಳೆಯದರಲ್ಲಿ ಒಂದು ಬೆಸುಗೆಗೆ ಮುಗಿಯುತ್ತಿದ್ದ ಕೆಲಸ ಇದರಲ್ಲಿ ಇಡೀ ಫ್ರಿಜ್ಜನ್ನೇ ಮುಗಿಸುತ್ತದೆ. ಅಷ್ಟು ಸುಲಭವಾಗಿ ಕೆಡದ ಕಂಪ್ರೆಸರ್‌ಗೆ 10 ವರ್ಷ ವಾರಂಟಿ ಯಾಕೆ ಧಾರಾಳವಾಗಿ ಕೊಡುತ್ತಾರೆ ಅಂತ ಅವತ್ತು ಅರ್ಥ ಆಯಿತು.

ಕಂಪನಿ ಹುಡುಗ ಬಂದ. ಮತ್ತೆ ಗ್ಯಾಸ್ ತುಂಬುತ್ತೇನೆ, ಈ ಸಲ ಫ್ರೀ ಅಂದ. ಬೇಡ, ಏನಾಗಿದೆ ಅಂತ ಜಾಬ್ ಶೀಟ್ (ಅವರು ತರುವ ಕೆಲಸದ ಚೀಟಿ) ಮೇಲೆ ಬರೆದುಕೊಡು, ಆಮೇಲೆ ಕೋಡ್ ಅಂದೆ. ಅವನ ಮುಖ ಸಣ್ಣದಾಯಿತು. ಅವನು ಕಂಪನಿ ನೌಕರನೂ ಅಲ್ಲ, ಏಜೆನ್ಸಿಯವನು. ಕೋಡ್ ಇಲ್ಲದೆ ಹೋದರೆ ಆ ಕಾಲ್‌ನ ದುಡ್ಡು ಅವನಿಗೆ ಬರಲ್ಲವಂತೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಟೀ ಕೊಟ್ಟು ಕೂರಿಸಿದೆ. ಸ್ವಲ್ಪ ಹೊತ್ತು ಯೋಚಿಸಿ ಅವನೇ ಬರೆದ: ‘ಗ್ಯಾಸ್ ಲೀಕ್, ಬಾಡಿ ಒಳಗೆ, ರಿಪೇರಿ ಆಗಲ್ಲ.’ ಕೆಳಗೆ ಸಹಿ, ತಾರೀಖು. ಫೋಟೊ ತೆಗೆದುಕೊಂಡೆ, ಆಮೇಲೆ ಕೋಡ್ ಹೇಳಿದೆ. ನನ್ನ ಕೇಸನ್ನು ಕೊನೆಯವರೆಗೂ ಹೊತ್ತಿದ್ದು ಆ ಒಂದು ಸಾಲು.

ಅಲ್ಲಿಂದ ಒಂದು ಅಭ್ಯಾಸ ಮಾಡಿಕೊಂಡೆ. ಕಂಪನಿಯವರು ಫೋನಿನಲ್ಲಿ ಏನೇ ಹೇಳಲಿ, ಐದು ನಿಮಿಷದೊಳಗೆ ಅವರಿಗೇ ಇಮೇಲ್ ಹಾಕುವುದು. ‘ಇವತ್ತು ಬೆಳಗ್ಗೆ 11.20ಕ್ಕೆ ನಿಮ್ಮ ಕಡೆಯವರು ಫೋನ್ ಮಾಡಿ, ಪಾರ್ಟ್ 7 ದಿನದಲ್ಲಿ ಬರುತ್ತದೆ ಅಂದರು. ತಪ್ಪಿದ್ದರೆ ತಿಳಿಸಿ.’ ಅಷ್ಟೇ. ಬೈಗುಳ ಇಲ್ಲ, ಗೋಳು ಇಲ್ಲ. ಉತ್ತರ ಯಾವತ್ತೂ ಬರಲಿಲ್ಲ, ಬರಲಿ ಅಂತ ನಾನೂ ಕಾಯಲಿಲ್ಲ. ‘7 ದಿನ’ ಅಂತ ಅವರು ಹೇಳಿದ್ದು ಐದು ಸಲ ದಾಖಲಾಯಿತು.

ಜೂನ್‌ನಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ದುಡ್ಡಿಲ್ಲದ ಕಾಲ್, ಕನ್ನಡದಲ್ಲೇ ಮಾತಾಡಿದೆ. ದೂರನ್ನು ಕಂಪನಿಗೆ ಕಳಿಸುತ್ತಾರೆ. ಎಷ್ಟೋ ಜನರಿಗೆ ಇಲ್ಲೇ ಕೆಲಸ ಆಗುತ್ತದೆ. ನನಗೆ ಬಂದಿದ್ದು ‘ಆದಷ್ಟು ಬೇಗ ಪರಿಹರಿಸುತ್ತೇವೆ’ ಅನ್ನುವ ಉತ್ತರ. ಆದರೂ ದೂರಿನ ನಂಬರ್ ಸಿಕ್ಕಿತು, ಅದೂ ಫೈಲಿಗೆ.

ಜುಲೈನಲ್ಲಿ ನೋಟಿಸ್ ನಾನೇ ಬರೆದೆ. ಒಂದೂವರೆ ಪುಟ. ಯಾವತ್ತು ಕೊಂಡೆ, ಏನಾಯಿತು, ಏನು ಬೇಕು, 15 ದಿನ ಟೈಮ್. ಕಂಪನಿಗೆ, ಅಂಗಡಿಗೆ, ಎಕ್ಸ್‌ಟೆಂಡೆಡ್ ವಾರಂಟಿ ಕೊಟ್ಟವರಿಗೆ ಮೂರು ಪ್ರತಿ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಹೋದವು. (2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ನೊಳಗೇ ಸೇರಿಹೋಗಿದೆ. ಈಗ ಕಳಿಸುವವರು ಅದರಲ್ಲೇ ಕಳಿಸಬೇಕು.) ಅಂಗಡಿಯವರು ಫೋನ್ ಮಾಡಿ, "ನಮ್ಮನ್ಯಾಕೆ ಸರ್ ಎಳೀತೀರಿ, ನಾವು ಬರೀ ಮಾರೋರು" ಅಂದರು. ಬಿಲ್ ಮೇಲೆ ನಿಮ್ಮ ಹೆಸರೇ ಇರೋದು ಅಂದೆ.

ಆಗಸ್ಟ್‌ನಲ್ಲಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದೆ. ಲಾಯರ್ ಇಡಲಿಲ್ಲ, ಇಡಲೇಬೇಕು ಅಂತಲೂ ಇಲ್ಲ. ಅರ್ಜಿ ಆನ್‌ಲೈನ್‌ನಲ್ಲಿ ಹಾಕಿದೆ. ಆಗ ಅದಕ್ಕೆ ಇ-ದಾಖಿಲ್ ಅನ್ನುವ ವೆಬ್‌ಸೈಟ್ ಇತ್ತು, 2025ರ ಜನವರಿಯಿಂದ ಇ-ಜಾಗೃತಿ ಬಂದಿದೆ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಫೀಸೇ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ವಿಷಯ. ಕಂಪನಿ ಎಲ್ಲೇ ಇರಲಿ, ನಾವು ವಾಸ ಇರುವ ಊರಲ್ಲೇ ದೂರು ಕೊಡಬಹುದು. ಗುರುಗ್ರಾಮದವರು ದಾವಣಗೆರೆಗೆ ಬರಬೇಕು. ತೊಂದರೆ ಆದ 2 ವರ್ಷದೊಳಗೆ ಹಾಕಬೇಕು, ಅಷ್ಟು ನೆನಪಿಟ್ಟುಕೊಂಡರೆ ಸಾಕು.

ಫೈಲ್ ಹೀಗೆ ಕಟ್ಟಿದೆ: ಮೊದಲ ಪುಟದಲ್ಲಿ ಬರೀ ತಾರೀಖು ಮತ್ತು ಆವತ್ತು ಆಗಿದ್ದು, ಒಂದೊಂದು ಸಾಲು. ಆಮೇಲೆ ದೂರು, ನೋಟರಿ ಮಾಡಿಸಿದ ಅಫಿಡವಿಟ್, ಬಿಲ್, ವಾರಂಟಿ ಕಾರ್ಡ್, ಎರಡು ಜಾಬ್ ಶೀಟ್, ಇಮೇಲ್‌ಗಳು, ಪೋಸ್ಟ್ ರಸೀದಿ. ಸ್ಟಿಕ್ಕರ್‌ನ ಫೋಟೊ ದೊಡ್ಡದಾಗಿ, ಪಕ್ಕದಲ್ಲೇ ಕಾರ್ಡಿನ ಹಿಂದಿನ ಸಣ್ಣ ಅಕ್ಷರದ ಫೋಟೊ. ಪ್ರತಿ ಪುಟಕ್ಕೂ ನಂಬರ್. ಆನ್‌ಲೈನ್ ಹಾಕಿದರೂ ಪೇಪರ್ ಸೆಟ್ ಬೇಕು ಅಂದರು, ಅದನ್ನೂ ಕೊಟ್ಟೆ.

ಜಾಬ್ ಶೀಟಿನ ಬೆಲೆ ಇಲ್ಲಿ ತಿಳಿಯಿತು. ದೋಷ ಇದೆಯೋ ಇಲ್ಲವೋ ಅನ್ನುವ ಜಗಳ ಎದ್ದರೆ ವಸ್ತುವನ್ನು ಲ್ಯಾಬ್‌ಗೆ ಕಳಿಸಬೇಕಾಗಬಹುದು. ಪರೀಕ್ಷೆ ಬೇಡವಾದರೆ 3 ತಿಂಗಳು, ಬೇಕಾದರೆ 5 ತಿಂಗಳಲ್ಲಿ ತೀರ್ಮಾನಿಸಲು ನೋಡಬೇಕು ಅನ್ನುತ್ತದೆ ಕಾಯ್ದೆ. ನನ್ನ ಕೇಸಲ್ಲಿ ಅವರದೇ ಹುಡುಗನ ಅಕ್ಷರ ಇತ್ತು. ಲ್ಯಾಬ್ ಮಾತೇ ಬರಲಿಲ್ಲ. ಹಾಗಂತ ಮೂರೇ ತಿಂಗಳಲ್ಲಿ ಮುಗಿಯಲಿಲ್ಲ, ಏಳು ಹಿಡಿಯಿತು.

ಆಯೋಗದ ನೋಟಿಸ್ ಸಿಕ್ಕ 30 ದಿನದೊಳಗೆ ಕಂಪನಿ ಉತ್ತರ ಕೊಡಬೇಕು. ಆಯೋಗ ಬಿಟ್ಟರೆ ಇನ್ನೂ 15 ದಿನ. ಅದರಾಚೆ ಒಂದು ದಿನವೂ ಇಲ್ಲ ಅಂತ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2020ರಲ್ಲೇ ಹೇಳಿದೆ. ಇವರು 41ನೇ ದಿನ ಕೊಟ್ಟರು. ಅದರಲ್ಲಿ ‘ಗ್ರಾಹಕರೇ ಸಮಾಧಾನಗೊಂಡು ಕೋಡ್ ನೀಡಿದ್ದಾರೆ’ ಅಂತ ಒಂದು ಪ್ಯಾರಾ ಇತ್ತು. ನಿರೀಕ್ಷಿಸಿದ್ದೇ. ಎರಡನೇ ಜಾಬ್ ಶೀಟ್ ತೋರಿಸಿದೆ.

ಮುಂದಿನ ತಾರೀಖಿಗೆ ಎರಡು ದಿನ ಮುಂಚೆ ಅವರ ಲಾಯರ್ ಫೋನ್ ಮಾಡಿದರು. ಸವಕಳಿ ಕಳೆದು ಬೆಲೆಯ ಶೇ. 40 ಕೊಡ್ತೀವಿ ಅಂದರು. ಒಪ್ಪಲಿಲ್ಲ. ಕೊನೆಗೆ ಫ್ರಿಜ್‌ನ ಪೂರ್ತಿ ಬೆಲೆ, ಗ್ಯಾಸಿಗೆ ಕಟ್ಟಿದ 3,200, ಖರ್ಚಿಗೆ 4,000 ಅಂತ ಕುದುರಿತು. ಮಾನಸಿಕ ಕಿರಿಕಿರಿಗೆ ಅಂತ ಕೇಳಿದ್ದ 25,000 ಬಿಟ್ಟುಕೊಟ್ಟೆ. 2,990 ರೂಪಾಯಿಯ ಎಕ್ಸ್‌ಟೆಂಡೆಡ್ ವಾರಂಟಿ ದುಡ್ಡು ನೀರಿಗೆ ಹಾಕಿದ ಹಾಗೇ ಆಯಿತು, ಆ ಉರಿ ಇನ್ನೂ ಇದೆ. ಬಾಯಿಮಾತಿಗೆ ಮಾತ್ರ ಒಪ್ಪಲಿಲ್ಲ. ರಾಜಿ ಮೆಮೊ ಬರೆದು, ಇಬ್ಬರೂ ಸಹಿ ಹಾಕಿ, ಆಯೋಗದ ಆದೇಶದಲ್ಲಿ ಸೇರಿಸಿಕೊಂಡ ಮೇಲೇ ಎದ್ದು ಬಂದೆ. 30 ದಿನದೊಳಗೆ ಹಣ ಹಾಕಬೇಕು, ಆಮೇಲೆ ಫ್ರಿಜ್ ಒಯ್ಯಬೇಕು ಅಂತ ಅದರಲ್ಲೇ ಇತ್ತು.

2025ರ ಮಾರ್ಚ್‌ನಲ್ಲಿ ಒಂದು ಮಧ್ಯಾಹ್ನ ಇಬ್ಬರು ಟೆಂಪೊ ತಂದು ಫ್ರಿಜ್ ಎತ್ತಿದರು. ಬಾಗಿಲವರೆಗೆ ಹೋಗಿ ನಿಂತು ಒಬ್ಬ ಮೊಬೈಲ್ ತೆಗೆದ. "ಸರ್, ಒಂದು ಕೋಡ್ ಬಂದಿರುತ್ತೆ ನೋಡಿ."

ನಾನು ಜೇಬಿಗೆ ಕೈ ಹಾಕುವಷ್ಟರಲ್ಲಿ ಅಡುಗೆಮನೆಯಿಂದ ನನ್ನ ಹೆಂಡತಿ ಕೂಗಿದಳು: "ರೀ, ಬ್ಯಾಂಕಿಗೆ ದುಡ್ಡು ಬಂದಿದೆಯಾ ಮೊದಲು ನೋಡ್ರಿ."

ಬಂದಿರಲಿಲ್ಲ. ಫ್ರಿಜ್ ಇನ್ನೂ ಆರು ದಿನ ನಮ್ಮ ಪಡಸಾಲೆಯಲ್ಲೇ ನಿಂತಿತ್ತು, ಒಳಗೆ ಹಳೇ ಪೇಪರ್ ಇಟ್ಟುಕೊಂಡು.